ಯಾವ ಕಮ್ಯುನಿಟಿಯ ಕಾಲೇಜು?

ನಾಲ್ಕು ವರ್ಷಗಳ ಹಿಂದಿನ ಗೌರೀಹಬ್ಬದ ಮಧ್ಯಾಹ್ನ. ಒಬ್ಬಟ್ಟಿನ ಊಟ ಮುಗಿದು, ಎಲೆಯಡಿಕೆಯ ತಟ್ಟೆ ಕೈಯಿಂದ ಕೈಗೆ ಸಾಗುತ್ತಿದ್ದ ಹೊತ್ತು. ಪಡಸಾಲೆಯಲ್ಲಿ ನೆರೆದಿದ್ದ ಬಂಧುವರ್ಗದ ಮುಂದೆ ನಮ್ಮ ದೊಡ್ಡಮ್ಮ ಒಂದು ಸುದ್ದಿಯನ್ನು ಮೆಲ್ಲನೆ ಹೊರಗಿಟ್ಟರು. ಕ್ಯಾಲಿಫೋರ್ನಿಯದಲ್ಲಿರುವ ಅವರ ಮಗಳು, ಎಂದರೆ ನನ್ನ ದೊಡ್ಡಪ್ಪನ ಮಗಳಾದ ಅಕ್ಕ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮತ್ತೆ ಕಾಲೇಜಿಗೆ ಸೇರಿದ್ದಾಳಂತೆ.

"ಯಾವ ಕಾಲೇಜು?" ಎಂದರು ನನ್ನ ಸೋದರಮಾವ.

"ಅದೇನೋ ಕಮ್ಯುನಿಟಿ ಕಾಲೇಜಂತೆ."

ಮಾವ ಅಡಿಕೆಯನ್ನು ಒಂದು ದವಡೆಯಿಂದ ಮತ್ತೊಂದು ದವಡೆಗೆ ವರ್ಗಾಯಿಸಿ ಕೇಳಿದರು: "ಯಾವ ಕಮ್ಯುನಿಟಿಯವರದು?"

ವಾಚಕರು ನಗಬಾರದು. ನಮ್ಮ ನಾಡಿನಲ್ಲಿ ಇದು ಅಸಂಬದ್ಧವಾದ ಪ್ರಶ್ನೆಯೇನೂ ಅಲ್ಲ. 'ಕಮ್ಯುನಿಟಿ' ಎಂಬ ಮಾತು ಇಂಗ್ಲಿಷಿನಿಂದ ಹೊರಟು ನಮ್ಮ ಬೀದಿಯನ್ನು ಸೇರುವ ಹೊತ್ತಿಗೆ 'ಜಾತಿ' ಎಂಬ ಒಂದೇ ಅರ್ಥವನ್ನು ಉಟ್ಟುಕೊಂಡು ಬಂದಿರುತ್ತದೆ. ವಿದ್ಯಾರ್ಥಿನಿಲಯಕ್ಕೊಂದು ಕಮ್ಯುನಿಟಿ, ಕಲ್ಯಾಣಮಂಟಪಕ್ಕೊಂದು ಕಮ್ಯುನಿಟಿ. ಹಾಗಿರುವಾಗ ಕಾಲೇಜಿಗೆ ಮಾತ್ರ ಏಕಿರಬಾರದು?

ಎಲ್ಲರ ದೃಷ್ಟಿಯೂ ನನ್ನ ಕಡೆಗೆ ತಿರುಗಿತು. "ನೀನು ಕಾಲೇಜು ಮೇಷ್ಟ್ರು, ನೀನೇ ಹೇಳಪ್ಪ" ಎಂದರು ಮಾವ. ಉಪನ್ಯಾಸಕನಾದವನಿಗೆ, ತಿಳಿಯದ ವಿಷಯದಲ್ಲಿ ತಿಳಿಯದೆಂದು ಹೇಳುವುದಕ್ಕಿಂತ ಕಠಿನವಾದ ಕಾರ್ಯ ಮತ್ತೊಂದಿಲ್ಲ. ನಾನು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ: "ಒಳ್ಳೆಯ ಯೂನಿವರ್ಸಿಟಿಗಳಲ್ಲಿ ಸೀಟು ಸಿಕ್ಕದವರು ಹೋಗುವ ಜಾಗ, ಮಾವ." ಅವಳು ಕಲಿಯಹೊರಟದ್ದು ಡಿಜಿಟಲ್ ಮಾಧ್ಯಮದ ತಂತ್ರವಿದ್ಯೆ ಎಂದು ತಿಳಿದಾಗಲಂತೂ ಹುಡುಗರೆಲ್ಲ ನಕ್ಕುಬಿಟ್ಟರು. ದೊಡ್ಡಮ್ಮ ಮಾತ್ರ ಮಾತಿಲ್ಲದೆ ಎದ್ದು ಒಳಗೆ ಹೋದರು.

ಅಂದು ರಾತ್ರಿ ನಾನು ಅಕ್ಕನಿಗೆ ಫೋನು ಮಾಡಿ ಹಿತೋಪದೇಶವನ್ನೂ ಮಾಡಿದೆ. "ಈ ವಯಸ್ಸಿನಲ್ಲಿ ಅದೆಲ್ಲ ಏಕೆ ಅಕ್ಕ?" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡೋಣ ಕಣೋ" ಎಂದಳು.

ಈ ವಾರದ ಬರಹ, ಆ ಮಾತಿಗಾಗಿ ನಾನು ಕಟ್ಟುತ್ತಿರುವ ತಪ್ಪುಕಾಣಿಕೆ.

ಮೊದಲು ಹೆಸರಿನ ವಿಚಾರ. ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಕಮ್ಯುನಿಟಿ ಎಂದರೆ ಕುಲವಲ್ಲ, ನೆರೆಹೊರೆ. ಆ ಕಾಲೇಜಿನ ಸುತ್ತಣ ಊರುಗಳಲ್ಲಿ ಬಾಳುವ ಸಮಸ್ತರು. ಇಂದಿಗೂ ನಡೆದು ಬರುತ್ತಿರುವ ಇಂಥ ಸಾರ್ವಜನಿಕ ಸಂಸ್ಥೆಗಳಲ್ಲಿ ಅತ್ಯಂತ ಹಳೆಯದು ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನದು. 1901ರಲ್ಲಿ ಆರೇ ಆರು ಮಂದಿ ವಿದ್ಯಾರ್ಥಿಗಳೊಡನೆ, ಅಲ್ಲಿಯ ಪ್ರೌಢಶಾಲೆಯ ನೆರಳಿನಲ್ಲಿ ಅದು ಆರಂಭವಾಯಿತು. ಎರಡನೆಯ ಮಹಾಯುದ್ಧ ಮುಗಿದು ಲಕ್ಷಾಂತರ ಸೈನಿಕರು ಮನೆಗೆ ಮರಳಿದಾಗ, ಅವರ ಓದಿನ ವೆಚ್ಚವನ್ನು ಸರ್ಕಾರವೇ ಹೊರುವಂತೆ 1944ರಲ್ಲಿ ಒಂದು ಕಾಯಿದೆಯಾಗಿತ್ತು. 1947ರಲ್ಲಿ, ಅಧ್ಯಕ್ಷ ಟ್ರೂಮನ್ನರು ನೇಮಿಸಿದ್ದ ಆಯೋಗವೊಂದು, ದೇಶದ ಉದ್ದಗಲಕ್ಕೂ ಇಂಥ ಕಾಲೇಜುಗಳ ಜಾಲವೇ ಏರ್ಪಡಬೇಕೆಂದು ವರದಿ ಕೊಟ್ಟಿತು. ಕಮ್ಯುನಿಟಿ ಕಾಲೇಜು ಎಂಬ ಹೆಸರನ್ನು ಜನಪ್ರಿಯಗೊಳಿಸಿದ್ದು ಆ ವರದಿ.

ಕ್ಯಾಲಿಫೋರ್ನಿಯ ಇದನ್ನು ಇನ್ನೂ ಮುಂದಕ್ಕೆ ಕೊಂಡೊಯ್ದಿತು. 1960ರಲ್ಲಿ ಆ ಸಂಸ್ಥಾನ ತನ್ನ ಉಚ್ಚ ಶಿಕ್ಷಣಕ್ಕೆಲ್ಲ ಒಂದು ಮಹಾಯೋಜನೆಯನ್ನು ರಚಿಸಿಕೊಂಡಿತು. ಪ್ರೌಢಶಾಲೆಯಿಂದ ಹೊರಬಿದ್ದವರಲ್ಲಿ ಮೇಲಿನ ಎಂಟನೆಯ ಒಂದು ಪಾಲಿನವರಿಗೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ; ಮೇಲಿನ ಮೂರನೆಯ ಒಂದು ಪಾಲಿನವರಿಗೆ ಸಂಸ್ಥಾನದ ಕಾಲೇಜುಗಳು; ಉಳಿದವರು? ಉಳಿದವರನ್ನು ಕೈಬಿಡುವುದು ಲೋಕದ ವಾಡಿಕೆ. ಆದರೆ ಆ ಯೋಜನೆ, ಕಲಿತು ಪ್ರಯೋಜನ ಹೊಂದಬಲ್ಲ ಯಾರು ಬಂದರೂ ಕಮ್ಯುನಿಟಿ ಕಾಲೇಜಿನಲ್ಲಿ ಸ್ಥಳವುಂಟೆಂದು ಸಾರಿತು. ಅಷ್ಟೇ ಅಲ್ಲ, ಅಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರು ವಿಶ್ವವಿದ್ಯಾನಿಲಯದ ಮೂರನೆಯ ವರ್ಷದ ತರಗತಿಗೆ ದಾಟಿಕೊಳ್ಳಲು ಮೆಟ್ಟಿಲನ್ನೂ ಇಟ್ಟಿತು. ಇಂದು ಆ ಸಂಸ್ಥಾನವೊಂದರಲ್ಲಿಯೇ ಇಂಥ 116 ಕಾಲೇಜುಗಳಿವೆ. ಅವುಗಳಲ್ಲಿ ಕಲಿಯುವವರು ಸುಮಾರು 20 ಲಕ್ಷ ಮಂದಿ. 'ಸ್ಟಾರ್ ವಾರ್ಸ್' ಚಿತ್ರಗಳ ನಿರ್ಮಾತೃ ಜಾರ್ಜ್ ಲ್ಯೂಕಸ್ ಮೊದಲು ಓದಿದ್ದು ಮೊಡೆಸ್ಟೊ ಎಂಬ ಊರಿನ ಇಂಥದೇ ಕಾಲೇಜಿನಲ್ಲಿ. ನಟ ಟಾಮ್ ಹ್ಯಾಂಕ್ಸ್ ಓದಿದ್ದು ಹೇವರ್ಡಿನ ಶಾಬೋ ಕಾಲೇಜಿನಲ್ಲಿ. "ಸೀಟು ಸಿಕ್ಕದವರ ಜಾಗ" ಎಂದು ತೀರ್ಪಿತ್ತ ನಾನು ಇದೊಂದನ್ನೂ ತಿಳಿದಿರಲಿಲ್ಲ.

ಇನ್ನು ಅಕ್ಕನ ವಿಚಾರ. ಅವಳು ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, 2004ರಲ್ಲಿ ಭಾವನವರೊಡನೆ ಆ ದೇಶಕ್ಕೆ ಹೋದವಳು. ನೌಕರಿಯ ವೀಸಾದಲ್ಲಿ ಹೋದವರ ಹೆಂಡತಿಗೆ ಆಗ ದೊರೆಯುತ್ತಿದ್ದುದು ಅವಲಂಬಿತರ ವೀಸಾ. ಅದರ ಮೇಲೆ ಓದಬಹುದಾಗಿತ್ತು, ಸಂಬಳಕ್ಕೆ ದುಡಿಯುವಂತಿರಲಿಲ್ಲ. 2015ರಲ್ಲಿ ಅಂಥವರಲ್ಲಿ ಕೆಲವರಿಗೆ ದುಡಿಯಲು ಅನುಮತಿ ದೊರೆಯಿತಾದರೂ, ಅಷ್ಟು ಹೊತ್ತಿಗೆ ಮಗನ ಶಾಲೆ, ಅತ್ತೆಯವರ ಕಾಯಿಲೆ, ಮನೆಯ ಸಾಲ, ಇವೆಲ್ಲ ಅವಳ ದಿನಗಳನ್ನು ಹಂಚಿಕೊಂಡುಬಿಟ್ಟಿದ್ದುವು. ಮಗ ದೊಡ್ಡವನಾದ ಮೇಲೆ ಅವಳು ಕೆಲಸಗಳಿಗೆ ಅರ್ಜಿ ಬರೆಯಲು ಕುಳಿತಳು. ಹದಿನಾರು ವರ್ಷ ಬೆಳಗಿನಿಂದ ರಾತ್ರಿಯವರೆಗೆ ಮಾಡಿದ ಕೆಲಸವನ್ನು ತುಂಬಲು ಅರ್ಜಿಯಲ್ಲಿ ಒಂದು ಸಾಲಿನ ಜಾಗವೂ ಇರಲಿಲ್ಲ. ಆಗಲೇ ಅವಳು ಮನೆಯಿಂದ ಐದು ಮೈಲಿ ದೂರದ ಆ ಕಾಲೇಜಿಗೆ ಹೋಗಿ ಹೆಸರು ಬರೆಯಿಸಿದ್ದು.

"ಪರ್ಸೆಂಟೇಜು ಕೇಳಲಿಲ್ಲ ಕಣೋ. ಮಧ್ಯೆ ಇಷ್ಟು ವರ್ಷ ಏನು ಮಾಡ್ತಿದ್ದೆ ಅಂತಾನೂ ಕೇಳಲಿಲ್ಲ. ಏನು ಕಲೀಬೇಕು ಅಂತ ಮಾತ್ರ ಕೇಳಿದ್ರು" ಎಂದು ಅವಳು ಆಮೇಲೊಮ್ಮೆ ಹೇಳಿದಳು. ಅಲ್ಲಿ ಓದನ್ನು ಯೂನಿಟ್ಟುಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಸಂಸ್ಥಾನದ ನಿವಾಸಿಗಳಿಗೆ ಒಂದು ಯೂನಿಟ್ಟಿಗೆ 46 ಡಾಲರು ಶುಲ್ಕ. ಎರಡು ವರ್ಷದ 'ಅಸೋಸಿಯೇಟ್' ಪದವಿಗೆ 60 ಯೂನಿಟ್ಟು. ಪುಸ್ತಕ ಮೊದಲಾದ ಖರ್ಚು ಬಿಟ್ಟರೆ ಒಟ್ಟು 2,760 ಡಾಲರು. ಆ ದೇಶದ ವಿಶ್ವವಿದ್ಯಾನಿಲಯಗಳ ಶುಲ್ಕವನ್ನು ಬಲ್ಲವರಿಗೆ ಇದು ಎಷ್ಟು ಸುಲಭವೆಂಬುದು ತಿಳಿದೀತು. ಮನೆಗೆಲಸದ ನಡುವೆ ಅರ್ಧವರ್ಷಕ್ಕೆ ಎರಡೆರಡೇ ಪಾಠಗಳನ್ನು ತೆಗೆದುಕೊಳ್ಳಲೂ ಅಡ್ಡಿಯಿರಲಿಲ್ಲ.

ಅವಳ ತರಗತಿಯಲ್ಲಿ ಪ್ರೌಢಶಾಲೆಯಿಂದ ಆಗತಾನೆ ಬಂದ ಹುಡುಗ ಹುಡುಗಿಯರಿದ್ದರು. ಸೈನ್ಯದಿಂದ ಬಿಡುಗಡೆಯಾಗಿ ಬಂದವನೊಬ್ಬನಿದ್ದ. ಇಪ್ಪತ್ತು ವರ್ಷ ಲಾರಿ ಓಡಿಸಿ ಬೆನ್ನು ನೋವಿನಿಂದ ಬಿಟ್ಟವನೊಬ್ಬನಿದ್ದ. ಪಾಠ ಹೇಳುವಾತ ಹಗಲು ಚಿತ್ರಸಂಕಲನದ ಕೆಲಸ ಮಾಡಿ ಸಂಜೆ ಕಾಲೇಜಿಗೆ ಬರುವ ಅರೆಕಾಲಿಕ ಅಧ್ಯಾಪಕ. ನಮ್ಮ ಅತಿಥಿ ಉಪನ್ಯಾಸಕರ ಹಾಗೆಯೇ ಆತನಿಗೂ ಮುಂದಿನ ಅವಧಿಗೆ ಪಾಠ ಉಂಟೋ ಇಲ್ಲವೋ ಎಂಬ ಚಿಂತೆ. ವೃತ್ತಿಬಾಂಧವ್ಯದಿಂದ ಈ ಸಂಗತಿ ನನ್ನ ಮನಸ್ಸಿಗೆ ತಟ್ಟಿತು.

ಅವಳು ಕಲಿತದ್ದೇನು? ಇದನ್ನು ತಿಳಿಸದೆ ಹೋದರೆ, 'ಏನೋ ಯೂಟ್ಯೂಬು' ಎಂದು ನಕ್ಕ ನಮ್ಮ ಹುಡುಗರಿಗೂ ನನಗೂ ಭೇದವಿಲ್ಲದಂತಾದೀತು.

ಮೊದಲ ಪಾಠ ಚುಕ್ಕಿಯದು. ಡಿಜಿಟಲ್ ಚಿತ್ರವೆಂಬುದು ನಮ್ಮ ಹೆಂಗಸರ ರಂಗೋಲಿಯಂತೆ ಸಾಲು ಸಾಲು ಚುಕ್ಕಿಗಳ ಮೇಲೆ ನಿಂತಿರುವುದು. ಆ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ಎಂಬ ವಿಜ್ಞಾನಿ, ಮೂರು ತಿಂಗಳ ತನ್ನ ಮಗುವಿನ ಭಾವಚಿತ್ರವೊಂದನ್ನು ಯಂತ್ರದ ಮೂಲಕ ಗಣಕಕ್ಕೆ ಓದಿಸಿದನು. ಅಡ್ಡಕ್ಕೆ 176, ಉದ್ದಕ್ಕೆ 176, ಒಟ್ಟು 30,976 ಚುಕ್ಕಿಗಳು. ಪ್ರತಿಯೊಂದೂ ಕಪ್ಪು ಇಲ್ಲವೆ ಬಿಳಿ. ಡಿಜಿಟಲ್ ಛಾಯಾಚಿತ್ರಗಳ ವಂಶಕ್ಕೆ ಆ ಹಸುಗೂಸೇ ಮೂಲಪುರುಷ. ಇಂದು ಒಂದೊಂದು ಚುಕ್ಕಿಗೂ ಕೆಂಪು, ಹಸುರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು 0ಯಿಂದ 255ರವರೆಗಿನ ಅಂಕಿಗಳಲ್ಲಿ ಬರೆದಿಡುತ್ತಾರೆ. ಹೀಗೆ ದೊರೆಯುವ ವರ್ಣಭೇದಗಳು 1,67,77,216. ಸೀರೆಯಂಗಡಿಯಲ್ಲಿ ಎರಡು ಗಂಟೆ ಕುಳಿತು ಒಂದು ಬಣ್ಣವನ್ನು ಆರಿಸುವ ನಮ್ಮ ಮನೆಯವರ ಕಣ್ಣಿಗೂ ಇಷ್ಟು ಬಣ್ಣ ಸಾಕಾದೀತು!

ಎರಡನೆಯ ಪಾಠ ಅಡಕದ್ದು. ಅಡ್ಡಕ್ಕೆ 4,000, ಉದ್ದಕ್ಕೆ 3,000 ಚುಕ್ಕಿಗಳ ಒಂದು ಚಿತ್ರವನ್ನು ತೆಗೆದರೆ 1 ಕೋಟಿ 20 ಲಕ್ಷ ಚುಕ್ಕಿಗಳಾದುವು; ಚುಕ್ಕಿಗೆ ಮೂರರಂತೆ 3 ಕೋಟಿ 60 ಲಕ್ಷ ಅಂಕಿಗಳಾದುವು. ಹಬ್ಬದ ದಿನ ನಮ್ಮ ಮನೆಗಳಲ್ಲಿ ತೆಗೆದು ತೆಗೆದು ಕಳುಹಿಸುವ ಚಿತ್ರಗಳೆಲ್ಲ ಇಷ್ಟಿಷ್ಟು ಭಾರವಾಗಿದ್ದರೆ ಫೋನು ಬಹು ಬೇಗನೆ ತುಂಬಿಹೋಗುತ್ತಿತ್ತು. ಹಾಗಾಗದಿರುವುದು ಒಂದು ಗಣಿತಯುಕ್ತಿಯಿಂದ. ಚಿತ್ರವನ್ನು ಎಂಟೆಂಟು ಚುಕ್ಕಿಗಳ ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕವೂ 64 ಮೂಲವಿನ್ಯಾಸಗಳಲ್ಲಿ ಯಾವ ಯಾವುದರಿಂದ ಎಷ್ಟೆಷ್ಟು ಬೆರೆತು ಆಗಿದೆ ಎಂದು ಲೆಕ್ಕ ಹಾಕುತ್ತಾರೆ. ಸಾರನ್ನು ಬಾಯಿಗಿಟ್ಟು ಉಪ್ಪು ಇಷ್ಟು, ಹುಳಿ ಇಷ್ಟು, ಖಾರ ಇಷ್ಟು ಎಂದು ಬಿಡಿಸಿ ಹೇಳುವಂತೆ. ಬಳಿಕ, ಕಣ್ಣಿಗೆ ಅಷ್ಟಾಗಿ ಕಾಣದ ಅತಿಸೂಕ್ಷ್ಮ ಏರಿಳಿತಗಳನ್ನು ಬಿಟ್ಟುಬಿಡುತ್ತಾರೆ. ಚಿತ್ರ ಹತ್ತರಲ್ಲೊಂದು ಪಾಲಿಗೆ ಇಳಿದರೂ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಈ ಯುಕ್ತಿಗೆ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ಬಾಯಿ ತುಂಬುವ ಹೆಸರು. 1992ರಲ್ಲಿ ಗೊತ್ತುಪಡಿಸಿದ 'ಜೆಪೆಗ್' ಎಂಬ ಚಿತ್ರಪದ್ಧತಿ ಇದರ ಮೇಲೆಯೇ ನಿಂತಿದೆ. ಚಲಿಸುವ ಚಿತ್ರಗಳನ್ನು ಅಡಕಗೊಳಿಸುವ ಹಲವು ಪದ್ಧತಿಗಳೂ ಇದರ ಸಂತತಿಯೇ.

ಈ ಯುಕ್ತಿಯನ್ನು ಕಂಡುಹಿಡಿದವರು ಯಾರೆಂದು ಅಕ್ಕ ಮನೆಗೆ ಬಂದು ಹುಡುಕಿ ನೋಡಿದಳು. ನೋಡಿ, ರಾತ್ರಿ ಹನ್ನೊಂದಕ್ಕೆ ತನ್ನ ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕಳಂತೆ. ನಾಸಿರ್ ಅಹಮದ್: 1940ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, 1961ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದದ್ದು ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಬೆಂಗಳೂರಿನ ಕಾಲೇಜಿನಲ್ಲಿ. ಮುಂದೆ ಅಮೆರಿಕಕ್ಕೆ ಹೋಗಿ, ಕ್ಯಾನ್ಸಸ್ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದಾಗ, 1972ರಲ್ಲಿ ಈ ವಿಚಾರದ ಅಧ್ಯಯನಕ್ಕೆ ಧನಸಹಾಯ ಬೇಕೆಂದು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿಕೊಂಡರು. ಸಹಾಯ ದೊರೆಯಲಿಲ್ಲ. ವಿಚಾರ ತೀರ ಸರಳವಾಯಿತೆಂದು ಪರಿಶೀಲಕರಲ್ಲೊಬ್ಬರು ಆಕ್ಷೇಪಿಸಿದ್ದರೆಂದು ಅಹಮದರೇ ಮುಂದೆ ಬರೆದಿದ್ದಾರೆ. ಆದರೂ ಅವರು ಬಿಡಲಿಲ್ಲ. 1973ರ ಬೇಸಗೆಯನ್ನು ಸಂಬಳವಿಲ್ಲದೆ ಅದಕ್ಕೇ ಮೀಸಲಿಟ್ಟರು. ಟಿ. ನಟರಾಜನ್, ಕೆ. ಆರ್. ರಾವ್ ಎಂಬಿಬ್ಬರೊಡನೆ ಅವರು ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಇಂದು ಲೋಕದ ಯಾವ ಮೂಲೆಯಲ್ಲಿ ಯಾವ ತಾಯಿ ಮಗುವಿನ ಜೆಪೆಗ್ ಚಿತ್ರವನ್ನು ಫೋನಿನಲ್ಲಿ ಕಳುಹಿಸಿದರೂ, ನಡುವೆ ಆ ಸರಳ ವಿಚಾರ ಕೆಲಸ ಮಾಡುತ್ತಿರುತ್ತದೆ.

ಮರುದಿನ ಅಕ್ಕ ತರಗತಿಯಲ್ಲಿ ಇದನ್ನು ಹೇಳಿದಳು. ಅಷ್ಟು ದಿನವೂ ಕೊನೆಯ ಸಾಲಿನಲ್ಲಿ ಕುಳಿತು, ತನ್ನ ಉಚ್ಚಾರಣೆಗೆ ತಾನೇ ನಾಚಿ ಬಾಯಿ ಬಿಡದಿದ್ದವಳನ್ನು ಅಧ್ಯಾಪಕ ಮುಂದಕ್ಕೆ ಕರೆದು, "ನಿಮ್ಮ ಊರಿನವರ ಕಥೆಯನ್ನು ನೀವೇ ಹೇಳಿ" ಎಂದನಂತೆ.

ಎಲ್ಲವೂ ಹೀಗೆ ಸುಗಮವಾಗಿಯೇ ನಡೆಯಿತೆಂದು ತಿಳಿಯಬಾರದು. ಮೊದಲ ಅವಧಿಯಲ್ಲಿ ಅವಳು ಒಪ್ಪಿಸಿದ ಚಿತ್ರಸಂಕಲನದ ಕೆಲಸ 'ಮತ್ತೆ ಮಾಡಿ' ಎಂಬ ಷರಾದೊಂದಿಗೆ ಹಿಂದಕ್ಕೆ ಬಂತು. ಹತ್ತೊಂಬತ್ತರ ಹುಡುಗರು ಆಟದಂತೆ ಮಾಡುವುದನ್ನು ಮಾಡಲು ಅವಳಿಗೆ ಮೂರು ರಾತ್ರಿ ಬೇಕಾಗುತ್ತಿತ್ತು. ಒಂದು ಗೊತ್ತಾದ ದಿನದೊಳಗೆ ಹೆಸರನ್ನು ಹಿಂದಕ್ಕೆ ತೆಗೆದುಕೊಂಡರೆ ನಪಾಸಿನ ಗುರುತು ಬೀಳದೆಂಬ ನಿಯಮ ಅಲ್ಲಿ ಉಂಟು. ಆ ದಿನದ ಹಿಂದಿನ ರಾತ್ರಿ ನನಗೆ ಫೋನು ಮಾಡಿದಳು. "ಬಿಟ್ಟುಬಿಡಲೇನೋ?" ಎಂದಳು. ದನಿ ನಡುಗುತ್ತಿತ್ತು. ನಾನು, ಅವಳಿಗೆ ನೆಮ್ಮದಿಯಾಗಲೆಂದೇ, "ಬಿಟ್ಟುಬಿಡು ಅಕ್ಕ, ಯಾರೂ ಏನೂ ಅನ್ನುವುದಿಲ್ಲ" ಎಂದೆ. ಇದು ನನ್ನ ಎರಡನೆಯ ತಪ್ಪು.

ಅವಳನ್ನು ಉಳಿಸಿಕೊಂಡವನು ಆ ಲಾರಿ ಚಾಲಕ. ಅವನೂ ಹಿಂದೊಮ್ಮೆ ಇದೇ ಪಾಠಕ್ಕೆ ಸೇರಿ ನಡುವೆ ಬಿಟ್ಟುಹೋಗಿದ್ದವನು. "ನಾನು ಎರಡನೇ ಸಲ ಬಂದಾಗ ಯಾರೂ ಬಾಗಿಲು ಹಾಕಲಿಲ್ಲ. ಆದರೆ ಆ ಎರಡು ವರ್ಷ ನನಗೆ ವಾಪಸು ಬರಲಿಲ್ಲ" ಎಂದನಂತೆ. ಅಕ್ಕ ಉಳಿದಳು. ಉಳಿಯದೆ ಹೋಗುವವರು ಅಲ್ಲಿ ಅನೇಕರೆಂಬುದನ್ನು ಮುಚ್ಚಿಡಬಾರದು. ದುಡಿಮೆ, ಮಕ್ಕಳು, ಬಾಡಿಗೆ, ಬಸ್ಸು ತಪ್ಪುವುದು, ಇಂಥ ಕಾರಣಗಳಿಂದ, ಸೇರಿದವರಲ್ಲಿ ಬಹುಮಂದಿ ಪದವಿಯವರೆಗೆ ತಲಪುವುದೇ ಇಲ್ಲ. ತೆರೆದ ಬಾಗಿಲಿನಿಂದ ಒಳಗೆ ಬರುವುದು ಸುಲಭ. ಒಳಗೆ ನಿಲ್ಲುವುದಕ್ಕೆ ಯಾರಾದರೂ ಕೈಹಿಡಿಯಬೇಕು.

ಕೊನೆಯ ಅವಧಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಐದು ನಿಮಿಷದ ಒಂದು ಚಿತ್ರವನ್ನು ತಯಾರಿಸಬೇಕಾಗಿತ್ತು. ಅಕ್ಕ ತನ್ನ ತಾಯಿಯ ಹಾಡನ್ನು ಆರಿಸಿಕೊಂಡಳು. ನಮ್ಮ ದೊಡ್ಡಮ್ಮ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಆದರೆ ಹಸೆಗೆ ಕರೆಯುವ ಹಾಡಿನಿಂದ ಹಿಡಿದು ತೊಟ್ಟಿಲ ಹಾಡಿನವರೆಗೆ ನೂರಾರು ಹಾಡುಗಳು ಅವರ ಬಾಯಲ್ಲಿದ್ದುವು. 'ಇದ್ದುವು' ಎಂದೆ; ಏಕೆಂದರೆ ಎಪ್ಪತ್ತೊಂಬತ್ತರ ಈ ವಯಸ್ಸಿನಲ್ಲಿ ಅವು ಒಂದೊಂದಾಗಿ ಜಾರುತ್ತಿವೆ. ಹೋದ ಡಿಸೆಂಬರಿನ ರಜೆಯಲ್ಲಿ ಅಕ್ಕ ಊರಿಗೆ ಬಂದವಳು, ಸೆರಗಿಗೆ ಸಿಕ್ಕಿಸುವ ಸಣ್ಣದೊಂದು ಮೈಕು, ಕೈಯಲ್ಲಿನ ಫೋನು, ಕಿಟಕಿಯ ಬೆಳಕು, ಇಷ್ಟರಿಂದಲೇ ಚಿತ್ರೀಕರಿಸಿಕೊಂಡಳು. ಸೆಕೆಂಡಿಗೆ 24 ಚಿತ್ರ, ಸೆಕೆಂಡಿಗೆ 48,000 ಸಲ ಅಳೆದ ಧ್ವನಿ ಎಂದು ಅವಳು ವಿವರಿಸುತ್ತಿದ್ದರೆ, ದೊಡ್ಡಮ್ಮ "ಬೇಗ ಆಗಲಿ ಕಣೆ, ಒಲೆ ಮೇಲೆ ಹಾಲಿಟ್ಟಿದ್ದೀನಿ" ಎನ್ನುತ್ತಿದ್ದರು.

ಚಿತ್ರದ ಕೆಳಗೆ ಹಾಡಿನ ಸಾಲುಗಳನ್ನು ಕನ್ನಡದಲ್ಲಿ ಕಾಣಿಸಬೇಕಾಗಿ ಬಂದಾಗ ಅವಳಿಗೆ ನನ್ನ ನೆನಪಾಯಿತು. ಪಾಠಭೇದ, ಕಾಗುಣಿತ ಎಲ್ಲವನ್ನೂ ನಾನು ತಿದ್ದಿ ಕಳುಹಿಸಿದೆ. ಎಂ.ಎ. ಪದವಿಗೆ ಕೊನೆಗೂ ಒಂದು ಅಂತರರಾಷ್ಟ್ರೀಯ ಪ್ರಯೋಜನ ದೊರೆಯಿತೆಂದು ಹಿಗ್ಗಿದೆ. ಆದರೆ ಅಲ್ಲಿಯ ತಂತ್ರಾಂಶದೊಳಗೆ ಹೋದ ಕೂಡಲೆ ನಮ್ಮ ಒತ್ತಕ್ಷರಗಳು ಮಗ್ಗುಲಿಗೆ ಬಂದು ಬಿಡಿಬಿಡಿಯಾಗಿ ನಿಂತುವು. 'ಅಕ್ಕ' ಎಂದು ಬರೆದರೆ 'ಅಕ್‌ಕ' ಎಂದು ಕಾಣುತ್ತಿತ್ತು. ದೋಷ ಅಕ್ಷರದ್ದಲ್ಲ, ಅಕ್ಷರಗಳನ್ನು ಜೋಡಿಸುವ ಏರ್ಪಾಡಿನದು. ಭಾರತೀಯ ಲಿಪಿಗಳಿಗೆ ಬೇಕಾದ ಏರ್ಪಾಡನ್ನು ಬೇರೆಯಾಗಿ ಆರಿಸಿಕೊಳ್ಳಬೇಕಾಗಿತ್ತು. ಕನ್ನಡದ ಒಂದಕ್ಷರವೂ ತಿಳಿಯದ ಆ ಅಧ್ಯಾಪಕನೂ ಅಕ್ಕನೂ ಒಂದು ಸಂಜೆಯೆಲ್ಲ ಕುಳಿತು ಅದನ್ನು ಹುಡುಕಿ ತೆಗೆದರು. 'ಕ' ಕಾರದ ಕೆಳಗೆ ಒತ್ತು ಹೋಗಿ ಕುಳಿತಾಗ ಆತ ಚಪ್ಪಾಳೆ ತಟ್ಟಿದನಂತೆ.

ಇನ್ನೊಂದು ತೊಡಕು ತಂತ್ರದ್ದಾಗಿರಲಿಲ್ಲ. ಹಾಡಿನ ಮೂರನೆಯ ನುಡಿಯಲ್ಲಿ ದೊಡ್ಡಮ್ಮ ಥಟ್ಟನೆ ನಿಂತುಬಿಡುತ್ತಾರೆ. ಸಾಲು ಬರುವುದಿಲ್ಲ. ಒಂಬತ್ತು ಸೆಕೆಂಡು. ತುಟಿ ಅಲುಗುತ್ತದೆ, ಕಣ್ಣು ಕಿಟಕಿಯತ್ತ ಹೋಗುತ್ತದೆ, ಮತ್ತೆ ಮಗಳತ್ತ ತಿರುಗುತ್ತದೆ. ಬಳಿಕ ನಾಲ್ಕನೆಯ ನುಡಿಯಿಂದ ಹಾಡು ಮುಂದುವರಿಯುತ್ತದೆ. ನಾನು ಹೇಳಿದೆ: "ಆ ಮೌನವನ್ನು ಕತ್ತರಿಸಿಬಿಡು. ಮೂರನೆಯ ನುಡಿ ಜನಪದ ಗೀತೆಗಳ ಸಂಗ್ರಹದಲ್ಲಿ ಸಿಕ್ಕೀತು. ಯಾರಿಂದಲಾದರೂ ಹಾಡಿಸಿ ಸೇರಿಸು." ಸಂಕಲನದ ವಿದ್ಯೆಯಿಂದ ಅದು ಅರ್ಧ ಗಂಟೆಯ ಕೆಲಸ, ಹೊಲಿಗೆ ಹಾಕಿದ ಗುರುತೂ ಕಾಣದು.

ಅಕ್ಕ ಒಂದು ವಾರ ಯೋಚಿಸಿದಳು. ಕೊನೆಗೆ ಹೇಳಿದಳು: "ಕಣ್ಣಿಗೆ ಕಾಣದ್ದನ್ನ ಬಿಡೋದು ಹೇಗೆ ಅಂತ ಎರಡು ವರ್ಷ ಕಲಿತೆ ಕಣೋ. ಇದು ಕಾಣುತ್ತೆ. ಇದನ್ನ ಬಿಡಲ್ಲ." ಆ ಒಂಬತ್ತು ಸೆಕೆಂಡು ಹಾಗೆಯೇ ಉಳಿಯಿತು. ನನಗೆ ಮಾತ್ರ, ಅರ್ಜಿಯಲ್ಲಿ ಜಾಗ ಸಿಕ್ಕದೆ ಹೋದ ಅವಳ ಹದಿನಾರು ವರ್ಷಗಳು ನೆನಪಿಗೆ ಬಂದುವು.

ಹೋದ ತಿಂಗಳು ಮತ್ತೆ ಗೌರೀಹಬ್ಬ. ಅದೇ ಪಡಸಾಲೆ, ಅದೇ ಎಲೆಯಡಿಕೆ, ಅದೇ ಮಾವ. ಅಕ್ಕನಿಗೆ ಪದವಿ ಬಂದಿತ್ತು. ಊರಿನ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಹಳೆಯ ಛಾಯಾಚಿತ್ರಗಳನ್ನೂ ಧ್ವನಿಮುದ್ರಣಗಳನ್ನೂ ಡಿಜಿಟಲ್ ರೂಪಕ್ಕೆ ತರುವ ಅರ್ಧದಿನದ ಕೆಲಸವೂ ದೊರಕಿತ್ತು. ದೊಡ್ಡ ಸಂಬಳವೇನಲ್ಲ. ಆದರೆ ಅರ್ಜಿಯ ಹಾಳೆಯಲ್ಲಿ ಈಗ ತುಂಬಲು ಒಂದು ಸಾಲುಂಟು. ಹುಡುಗರು ಟೀವಿಗೆ ತಂತಿ ಸಿಕ್ಕಿಸಿ ಅವಳ ಚಿತ್ರವನ್ನು ಹಾಕಿದರು. ಮೊದಲು ಕತ್ತಲಲ್ಲಿ ಹಾಡು ಕೇಳಿಸಿತು. ಆಮೇಲೆ ಮೆಲ್ಲನೆ ದೊಡ್ಡಮ್ಮನ ಮುಖ ಬಂತು. ಪಡಸಾಲೆಯ ಗದ್ದಲ ಅಡಗಿತು.

ಮೂರನೆಯ ನುಡಿ. ಪರದೆಯ ಮೇಲೆ ದೊಡ್ಡಮ್ಮ ನಿಂತರು. ಆ ಮೌನದೊಳಗೆ, ಹಿಂದೆ ಕುಳಿತಿದ್ದ ನಮ್ಮ ಅತ್ತೆ ತಮಗೆ ತಾವೇ ಎಂಬಂತೆ ಆ ಸಾಲನ್ನು ಎತ್ತಿಕೊಂಡರು. ಅವರ ಜೊತೆಗೆ ಮತ್ತೊಬ್ಬರು. ಸಾಲು ಮುಗಿಯುವಷ್ಟರಲ್ಲಿ, ಕುರ್ಚಿಯ ಮೇಲಿದ್ದ ನಿಜವಾದ ದೊಡ್ಡಮ್ಮ, "ಅದು ಹಾಗಲ್ಲ ಕಣ್ರೆ" ಎಂದು ತಿದ್ದಿ, ಮರೆತಿದ್ದ ನುಡಿಯನ್ನು ಪೂರ್ತಿಯಾಗಿ ಹೇಳಿದರು. ನಾನು ಪುಸ್ತಕದಿಂದ ತೆಗೆದು ತುಂಬಿಸಹೊರಟ ಪಾಠಕ್ಕೂ ಅದಕ್ಕೂ ಎರಡು ಮಾತುಗಳ ವ್ಯತ್ಯಾಸವಿತ್ತು. ಇಲ್ಲಿ ಯಾವುದು ಸರಿಯೆಂದು ಹೇಳುವ ಧೈರ್ಯ ನನಗಿಲ್ಲ.

ಚಿತ್ರ ಮುಗಿದ ಮೇಲೆ ಮಾವ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಹಾಗಾದರೆ ಆ ಕಾಲೇಜಿಗೆ ಯಾರು ಬೇಕಾದರೂ ಸೇರಬಹುದೋ?" ಎಂದರು.

"ಯಾರು ಬೇಕಾದರೂ, ಮಾವ."

"ಯಾವ ವಯಸ್ಸಿನಲ್ಲಿ ಬೇಕಾದರೂ?"

"ಹೌದು."

ಆಗ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಮಾವನ ಸೊಸೆ, ಬಿ.ಕಾಂ. ಎರಡನೆಯ ವರ್ಷದಲ್ಲಿ ಮದುವೆಯಾಗಿ ಓದು ನಿಲ್ಲಿಸಿದವಳು, ಮೊದಲ ಬಾರಿಗೆ ಬಾಯಿ ಬಿಟ್ಟಳು: "ಇಲ್ಲಿ ಅಂಥದ್ದು ಎಲ್ಲಿದೆ ಭಾವ?"

ನನ್ನ ಬಾಯಿಗೆ ಉತ್ತರಗಳು ಬಂದುವು. ಮೈಸೂರಿನಲ್ಲಿ 1996ರಿಂದ ಮುಕ್ತ ವಿಶ್ವವಿದ್ಯಾನಿಲಯವುಂಟು, ಮನೆಯಲ್ಲಿದ್ದುಕೊಂಡೇ ಓದಬಹುದು. ಹಗಲು ದುಡಿಯುವವರಿಗೆಂದು ಬೆಂಗಳೂರಿನಲ್ಲಿ ಸಂಜೆ ಕಾಲೇಜುಗಳ ಪರಂಪರೆಯೇ ಉಂಟು. ಕಮ್ಯುನಿಟಿ ಕಾಲೇಜುಗಳನ್ನು ನಡೆಸಲೆಂದು ಕೇಂದ್ರದ ವಿಶ್ವವಿದ್ಯಾನಿಲಯ ಅನುದಾನ ಆಯೋಗ 2013ರಲ್ಲಿ ಯೋಜನೆಯೊಂದನ್ನೂ ಆರಂಭಿಸಿತು. ಇವೆಲ್ಲ ನಿಜ. ಆದರೆ ಅವಳು ಕೇಳಿದ್ದು ಯೋಜನೆಗಳ ಪಟ್ಟಿಯನ್ನಲ್ಲ. ಮಗುವನ್ನು ಶಾಲೆಗೆ ಬಿಟ್ಟು, ಬಸ್ಸು ಹತ್ತಿ ಹೋಗಿ, ಕೈಯಾರೆ ಒಂದು ವಿದ್ಯೆಯನ್ನು ಕಲಿತು, ಸಂಜೆಯೊಳಗೆ ಮನೆ ಸೇರಬಹುದಾದ ಒಂದು ಬಾಗಿಲನ್ನು ಅವಳು ಕೇಳಿದ್ದಳು. ಆ ಬಾಗಿಲಲ್ಲಿ ನಿಂತವರು, ಮಧ್ಯೆ ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳಬಾರದಾಗಿತ್ತು.

"ವಿಚಾರಿಸಿ ಹೇಳ್ತೀನಮ್ಮ" ಎಂದೆ. ಕಳೆದ ಮೂರು ವಾರಗಳಿಂದ ವಿಚಾರಿಸುತ್ತಲೂ ಇದ್ದೇನೆ. ಎರಡು ಕಡೆ ವಯಸ್ಸನ್ನು ಕೇಳಿದರು. ಒಂದು ಕಡೆ ಅಂಕಪಟ್ಟಿಯನ್ನು ಕೇಳಿದರು. ಇನ್ನೊಂದು ಕಡೆ ಮುಂದಿನ ಸೋಮವಾರ ಬರಲು ಹೇಳಿದ್ದಾರೆ. ಸೋಮವಾರ ಅವಳನ್ನೂ ಕರೆದುಕೊಂಡೇ ಹೋಗುವವನಿದ್ದೇನೆ. ಈ ಸಲ ಮಾತ್ರ, "ಈ ವಯಸ್ಸಿನಲ್ಲಿ ಅದೆಲ್ಲ ಏಕೆ?" ಎಂದು ನಾನು ಕೇಳಲಿಲ್ಲ.